ಖಾಲಿ ಬಿಡಬಾರದ ಟೋಪಿ

ಪ್ರಪಂಚದಲ್ಲಿ ನಾನು ಹೊಳೆಯಿಸಲಾರದ ವಸ್ತುವೇ ಇಲ್ಲ ಎಂದು ಆ ಬೆಳಿಗ್ಗೆ ಘೋಷಿಸಿದೆ. ಕೇಳಿಸಿಕೊಂಡದ್ದು ಫ್ರಿಜ್ ಒಂದೇ. ಮೊಮ್ಮಗಳನ್ನು ನೋಡಿಕೊಳ್ಳಲು ಹೆಂಡತಿ ಮಗಳ ಮನೆಗೆ ಹೋಗಿ ನಲವತ್ತು ದಿನವಾಗಿತ್ತು. ಅಷ್ಟು ದಿನದಲ್ಲಿ ನನಗೆ ಎದುರುತ್ತರ ಕೊಟ್ಟದ್ದು ಕುಕ್ಕರ್ ಮಾತ್ರ, ಅದೂ ದಿನಕ್ಕೆ ಮೂರೇ ಸೀಟಿ!

ನನ್ನ ಗುರಿ ಮಾವನವರ ಬ್ಯಾಂಡಿನ ಟೋಪಿ. ಅವರು ಕಹಳೆ ಊದುತ್ತಿದ್ದ ಕಾಲದ್ದು. ಮೇಲೆ ಮಖಮಲ್ಲು, ಮುಂದೆ ಹಿತ್ತಾಳೆ ಬಿಲ್ಲೆ, ಪಕ್ಕದಲ್ಲಿ ಗರಿ, ಒಳಗೆ ತೊಗಲಿನ ಪಟ್ಟಿ, ಎಲ್ಲಕ್ಕೂ ಆಧಾರ ರಟ್ಟು. ಅಪ್ಪನದು ಎಂದು ಹೆಂಡತಿಯ ಬಳಿ ಉಳಿದಿರುವುದು ಅದೊಂದೇ. ಥಳಥಳಿಸುವ ಟೋಪಿಯ ಫೋಟೊ ಕಳಿಸಿದರೆ ಮೆಚ್ಚಿ ಓಡಿ ಬಂದಾಳು ಎಂಬುದು ನನ್ನ ಯುದ್ಧತಂತ್ರ.

ಬಿಲ್ಲೆಗೆ ಪಾಲಿಶ್ ತಿಕ್ಕಿದೆ. ಅದು ಸೂರ್ಯನಂತೆ ಬೆಳಗಿತು. ಸುತ್ತಲಿನ ಮಖಮಲ್ಲಿಗೆ ಬಿಳಿ ಗ್ರಹಣ ಹಿಡಿಯಿತು. ಗ್ರಹಣ ಬಿಡಿಸಲು ಒದ್ದೆ ಬಟ್ಟೆ ಒತ್ತಿದೆ. ನೀರು ರಟ್ಟಿಗೆ ಇಳಿದು ಟೋಪಿ ನನ್ನೆದುರೇ ಮಂಡಿಯೂರಿತು. ಒಣಗಿಸಲು ಹೇರ್ ಡ್ರೈಯರ್ ಹಿಡಿದೆ. ಗರಿ ಹಾರಿತು! ಹಕ್ಕಿ ಸತ್ತು ಅರವತ್ತು ವರ್ಷವಾದ ಮೇಲೂ ಏನು ಹಾರಾಟ!

ಮ್ಯೂಸಿಯಮ್ಮಿನಲ್ಲಿ ಹಳೆಯ ಉಡುಪುಗಳನ್ನು ಕಾಪಾಡುವ ಮೇಡಂಗೆ ಫೋನ್ ಮಾಡಿದೆ.

"ಸರ್, ಅದು ಕೂಡು ಕುಟುಂಬ ಇದ್ದ ಹಾಗೆ. ಹಿತ್ತಾಳೆಗೆ ಆಗೋದು ಮಖಮಲ್ಲಿಗೆ ಆಗಲ್ಲ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದಿದ್ರೆ ಸಾಕಿತ್ತು."

"ಈಗೇನು ಮಾಡಲಿ?"

"ಏನೂ ಮಾಡ್ಬೇಡಿ, ದಯವಿಟ್ಟು! ನೆರಳಲ್ಲಿ ತಾನಾಗಿ ಒಣಗಲಿ. ಒಳಗೆ ಮೆತ್ತನೆ ಬಿಳಿ ಕಾಗದ ತುಂಬಿಡಿ. ಖಾಲಿ ಬಿಟ್ರೆ ಕುಸಿದುಹೋಗುತ್ತೆ."

ಖಾಲಿ ಬಿಟ್ಟರೆ ಕುಸಿಯುತ್ತದೆ! ಫೋನ್ ಇಟ್ಟು ಮನೆಯನ್ನೊಮ್ಮೆ ನೋಡಿದೆ. ಊಟದ ಮೇಜಿಗೆ ನಾಲ್ಕು ಕುರ್ಚಿ. ಮೂರರ ಮೇಲೆ ಮಡಿಸದ ಬಟ್ಟೆ.

ಹೆಂಡತಿಗೆ ಫೋನ್ ಮಾಡಿ, "ಟೋಪಿ ಚೆನ್ನಾಗಿದೆ" ಎಂದೆ.

"ನಾನು ಕೇಳ್ಲೇ ಇಲ್ವಲ್ಲ! ಏನ್ರೀ ಮಾಡಿದ್ರಿ? ನನಗೇ ಟೋಪಿ ಹಾಕ್ಬೇಡಿ!"

ಪಾಲಿಶ್‌ನಿಂದ ಹಿಡಿದು ಮೇಡಂ ಅಂದ ಮಾತಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಆ ಕಡೆಯಿಂದ ಸಣ್ಣ ದನಿ: "ಒಳಗಿನ ಪಟ್ಟಿ? ಅದರಲ್ಲಿ ಅಪ್ಪನ ತಲೆ ಎಣ್ಣೆ ವಾಸನೆ ಇತ್ತು ರೀ."

ಮೂಸಿದೆ. "ಇದೆ ಕಣೇ. ಅದನ್ನ ಮುಟ್ಟಿಲ್ಲ."

"ನಾಳೆ ಮೊದಲ್ನೇ ಬಸ್ಸಿಗೇ ಬರ್ತೀನಿ."

ನನ್ನ ಎದೆಯೊಳಗೆ ಇಡೀ ಬ್ಯಾಂಡ್ ಮೊಳಗಿತು! "ನನಗೋಸ್ಕರಾನಾ?"

"ಟೋಪಿಗೋಸ್ಕರ. ಕಾಗದ ತುಂಬಿದ್ರಾ?"

"ಮನೇಲಿ ಬಿಳಿ ಕಾಗದ ಇಲ್ಲ. ನೀನು ಬರೋವರೆಗೆ ನನ್ನ ತಲೇನೇ ಅದರೊಳಗೆ ಇಟ್ಕೊಂಡು ಕೂತಿರ್ತೀನಿ."

"ಅಯ್ಯೋ, ಬೇಡ ರೀ! ಖಾಲಿ ಬಿಡಬಾರದು ಅಂದಿದಾರಲ್ವಾ ಆ ಮೇಡಂ?"