ನಡೆಯುವ ಮೊದಲೇ ನಡೆದ ಸಭೆ

ಶನಿವಾರದ ಸಭೆಗಳ ದೊಡ್ಡ ದೋಷವೆಂದರೆ ಅವು ಸಂಜೆ ನಡೆಯುತ್ತವೆ. ಸಂಜೆ ಸಭೆಯಲ್ಲಿ ಕೂತು, ರಾತ್ರಿ ಬರೆದು, ಪತ್ರಿಕೆಗೆ ಕಳಿಸುವಷ್ಟರಲ್ಲಿ ಮನುಷ್ಯನ ಶನಿವಾರವೇ ಮುಗಿದುಹೋಗುತ್ತದೆ. ವಾರದಯ್ಯ ಇದಕ್ಕೊಂದು ದಾರಿ ಕಂಡುಕೊಂಡು ಬಹಳ ಕಾಲವಾಗಿತ್ತು. ಸಭೆಯ ವರದಿಯನ್ನು ಬೆಳಗ್ಗೆಯೇ ಬರೆದು ಕಳಿಸುವುದು. ಸಭೆಯೂ ಅವನು ಬರೆದಂತೆಯೇ ನಡೆದುಕೊಂಡು ಹೋಗುತ್ತಿತ್ತು. ಸ್ವಾಗತ ಕೋರುವವರು ಭಾಷಣ ಮಾಡುತ್ತಾರೆ, ಅಧ್ಯಕ್ಷರು ಸಮಯದ ಅಭಾವದ ಬಗ್ಗೆ ಬಹಳ ಹೊತ್ತು ಮಾತಾಡುತ್ತಾರೆ, ಪುಸ್ತಕ ಓದದವರು ಅದನ್ನು ಎಲ್ಲರೂ ಓದಬೇಕು ಅನ್ನುತ್ತಾರೆ. ಇದನ್ನು ತಿಳಿಯಲು ಖುದ್ದು ಹೋಗಬೇಕಾಗಿಲ್ಲ ಎಂಬುದು ಅವನ ವಾದ.

ವಾರದಯ್ಯ ಎಂಬುದು ಅಪಾರ್ಟ್‌ಮೆಂಟಿನವರು ಇಟ್ಟ ಹೆಸರು. ವಾರದ ರಾಜಕೀಯ, ಪುಸ್ತಕ, ಸಂಸ್ಕೃತಿ ಮೂರನ್ನೂ ಒಂದೇ ಚೀಲಕ್ಕೆ ತುಂಬಿ "ಈ ವಾರ ಇಷ್ಟು" ಎಂಬ ಅಂಕಣವಾಗಿ ಭಾನುವಾರದ ಪತ್ರಿಕೆಗೆ ಕೊಡುತ್ತಿದ್ದ. ಈ ಅಂಕಣಕ್ಕಾಗಿ ರಾತ್ರಿಯ ತನಕ ಪುಟ ತಡೆದಿಡಬೇಕೆಂದು ಸಂಪಾದಕರ ಕಟ್ಟಪ್ಪಣೆಯಿತ್ತು. ಆದರೆ ಸಂಪಾದಕರಿಗೆ ಶನಿವಾರ ರಜೆ, ಪುಟ ನೋಡಿಕೊಳ್ಳುವ ಉಪಸಂಪಾದಕಿಗೆ ಮನೆಯ ಅವಸರ. ಅವನು ಬೆಳಗ್ಗೆ ಕಳಿಸುತ್ತಿದ್ದ, ಅವಳು ಮಧ್ಯಾಹ್ನ ಪುಟ ಮುಗಿಸಿ ಹೊರಡುತ್ತಿದ್ದಳು. ಇಬ್ಬರೂ ಈ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ.

ಹೋದ ತಿಂಗಳು ಮಾತ್ರ ಸ್ವಲ್ಪ ಎಡವಟ್ಟಾಗಿತ್ತು. ಹಿರಿಯ ವಿದ್ವಾಂಸರೊಬ್ಬರ ಭಾಷಣ ಜೀವಕಳೆಯಿಂದ ತುಂಬಿತ್ತು ಎಂದು ವಾರದಯ್ಯ ಬರೆದಿದ್ದ. ಪಾಪ, ಅವರು ಸಭೆಗೆ ಹೊರಡುವ ಮೊದಲೇ ತೀರಿಕೊಂಡಿದ್ದರು. ಬೇರೊಬ್ಬರ ಹೆಸರು ಬರೆಯಲು ಹೋಗಿ ಕೈತಪ್ಪಾಯಿತು ಎಂದು ಹೇಳಿ ತಪ್ಪಿಸಿಕೊಂಡ. ಇನ್ನೊಂದು ತಪ್ಪು ಬಂದರೆ ಅಂಕಣ ಬೇರೆಯವರಿಗೆ ಎಂದು ಸಂಪಾದಕರು ಕಡ್ಡಿ ಮುರಿದಂತೆ ಹೇಳಿದರು. ಅಂಕಣ ಹೋದರೆ ವಾರದಯ್ಯನಿಗೆ ಉಳಿಯುವುದು ಬರೀ ಕನ್ನಡಕ. ಲಿಫ್ಟಿನಲ್ಲಿ ಜಾಗ ಬಿಡುವವರೂ ಇರುವುದಿಲ್ಲ.

ಈ ಶನಿವಾರ ದಂತವೈದ್ಯರೊಬ್ಬರ ಕಾದಂಬರಿಯ ಬಿಡುಗಡೆಯಿತ್ತು. ಬಿಡುಗಡೆ ಮಾಡಲು ಸಂಸ್ಕೃತಿ ಸಚಿವರೇ ಬರುವವರಿದ್ದರು. ವಾರದಯ್ಯ ಕಾಫಿ ಕುಡಿಯುತ್ತಲೇ ಬರೆದು ಮುಗಿಸಿದ: "ಸಭಾಂಗಣ ಕಿಕ್ಕಿರಿದಿತ್ತು. ಮಾತಿನ ನಡುವೆ ಸಚಿವರ ಕಣ್ಣು ಒದ್ದೆಯಾಯಿತು. ಲೇಖಕರು ಎರಡೇ ಮಾತಾಡಿ ಮನಸ್ಸು ಗೆದ್ದರು. ಕೊನೆಯಲ್ಲಿ ಕೊಳಲು ವಾದನವಿತ್ತು."

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಎದುರು ಮನೆಯವರು ಬಂದರು. ಅವರು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು, ಕೆಲಸದಿಂದ ನಿವೃತ್ತರಾಗಿದ್ದರೂ ಪರರ ಕೆಲಸದಿಂದ ಆಗಿರಲಿಲ್ಲ.

"ನಿಮ್ಮ ಸಂಸ್ಕೃತಿ ಸಚಿವರು ಮನೆಗೆ ಹೋದ್ರಂತಲ್ರೀ" ಎಂದರು.

"ಊಟಕ್ಕಿರಬೇಕು."

"ಖಾಯಮ್ಮಾಗಿ. ಸಂಪುಟದಿಂದ ತೆಗೆದುಹಾಕಿದಾರೆ. ಟೀವಿ ನೋಡಿಲ್ವಾ?"

ವಾರದಯ್ಯ ಕೈ ಒರೆಸುವುದನ್ನು ಅಲ್ಲಿಗೇ ಬಿಟ್ಟ. ಒಳಗೆ ಓಡಿ ಉಪಸಂಪಾದಕಿಗೆ ಫೋನ್ ಮಾಡಿದ. ಅವಳು ಮಗಳಿಗೆ ಚಪ್ಪಲಿ ಕೊಡಿಸುತ್ತಿದ್ದಳು.

"ಪುಟ ಆಗ್ಲೇ ಕಳಿಸಿಬಿಟ್ನಲ್ಲ ಸಾರ್. ಸಭೆ ನಡೀದಿದ್ರೆ ಇಬ್ಬರ ಕತೆನೂ ಮುಗೀತು."

"ನಡೆಯತ್ತಮ್ಮ. ನೀವು ತಲೆ ಕೆಡಿಸ್ಕೋಬೇಡಿ. ನಾನು ನಡೆಸ್ತೀನಿ" ಎಂದು ಫೋನ್ ಇಟ್ಟ.

"ಸಂಪಾದಕರ ಹತ್ರ ನಿಜ ಹೇಳ್ಬಿಡಿ" ಎಂದಳು ಹೆಂಡತಿ.

"ಯಾವ ನಿಜ? ಇಷ್ಟು ವರ್ಷ ಒಂದು ಸಭೆಗೂ ಹೋಗಿಲ್ಲ ಅಂತಾನಾ?"

"ಹಾಗಾದ್ರೆ ಶನಿವಾರ ಸಂಜೆ ಎಲ್ಲಿಗ್ರೀ ಹೋಗ್ತಿದ್ರಿ?"

ಅಷ್ಟರಲ್ಲಿ ವಾರದಯ್ಯ ಬಾಗಿಲಿಗೆ ಬಂದಾಗಿತ್ತು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಕ್ಲಿನಿಕ್ಕಿನಲ್ಲಿ ದಂತವೈದ್ಯರು ಒಬ್ಬ ರೋಗಿಯ ಬಾಯಲ್ಲಿ ಅರ್ಧ ಕೈ ಇಟ್ಟುಕೊಂಡು ನಿಂತಿದ್ದರು.

"ರದ್ದು ಮಾಡಿಬಿಟ್ಟೆ ಸಾರ್. ಹಾಲ್‌ನ ಕಾವಲುಗಾರನಿಗೂ ಹೇಳಾಯ್ತು. ಪದವಿ ಹೋದೋರ ಕೈಲಿ ಬಿಡುಗಡೆ ಮಾಡಿಸಿದ್ರೆ ಕಾದಂಬರಿಗೆ ಶಕುನ ಚೆನ್ನಾಗಿರಲ್ಲ."

"ನಾಳೆ ನನ್ನ ಅಂಕಣದಲ್ಲಿ ನಿಮ್ಮ ಬಗ್ಗೆ ಬರುತ್ತೆ, ಡಾಕ್ಟ್ರೇ. ಸಭೆ ನಡೆದರೆ ಮಾತ್ರ."

"ಹೆಸರು ಪೂರ್ತಿ ಬರತ್ತಾ?"

"ಪದವಿ ಸಮೇತ."

ಬಾಯಿ ತೆರೆದೇ ಇದ್ದ ರೋಗಿ ಏನೋ ಅಭಿಪ್ರಾಯ ಹೇಳಲು ಹೊರಟ. ಇಬ್ಬರೂ ಅದನ್ನು ಸಮ್ಮತಿ ಎಂದೇ ತಿಳಿದರು. ವೈದ್ಯರು ಕೈ ತೊಳೆದುಕೊಂಡು ಮತ್ತೆ ಹಾಲ್ ಹಿಡಿಯಲು ತಾವೇ ಹೋಗುವುದಾಗಿ ಒಪ್ಪಿಕೊಂಡರು.

ನಿನ್ನೆಯವರೆಗೆ ಕಾರುಗಳಿಂದ ತುಂಬಿರುತ್ತಿದ್ದ ಸಚಿವರ ಮನೆಯ ಮುಂದೆ ಇವತ್ತು ನಾಯಿ ನಡುರಸ್ತೆಯಲ್ಲಿ ಮಲಗಿತ್ತು. ಮಾಜಿ ಸಚಿವರು ಒಬ್ಬರೇ ಸೋಫಾದಲ್ಲಿ ಕೂತು ರಿಂಗಾಗದ ಫೋನನ್ನು ನೋಡುತ್ತಿದ್ದರು. ವಾರದಯ್ಯನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

"ಬೆಳಗ್ಗಿಂದ ಬಂದ ಮೊದಲನೇ ಮನುಷ್ಯ ನೀವು. ಸಭೆಗೆ ಖಂಡಿತ ಬರ್ತೀನಿ. ಎಷ್ಟು ಹೊತ್ತು ಮಾತಾಡಬಹುದು?"

"ನಿಮ್ಮ ಮನಸ್ಸಿಗೆ ಬಂದಷ್ಟು ಸಾರ್" ಎಂದ ವಾರದಯ್ಯ. ಅವಸರದಲ್ಲಿ ಆಡಿದ ಮಾತು.

ಇನ್ನು ಸಭಾಂಗಣ ತುಂಬಬೇಕಿತ್ತು. ಎದುರು ಮನೆಯ ಅಧ್ಯಕ್ಷರು ಇಂಥ ಕೆಲಸಕ್ಕೆಂದೇ ಹುಟ್ಟಿದವರು. ಅಂದೇ ಸಂಜೆ ಇದ್ದ ಸಂಘದ ನೀರಿನ ಪಂಪಿನ ಸಭೆಯನ್ನು ಆ ಹಾಲ್‌ಗೇ ಬದಲಾಯಿಸಿ, ಬಾರದವರ ಮನೆಗೆ ನೀರು ನಿಲ್ಲುತ್ತದೆಂದು ಸಾರಿಬಿಟ್ಟರು. ಹೆಂಡತಿ ತನ್ನ ಹೊಲಿಗೆ ತರಗತಿಯವರನ್ನೆಲ್ಲ ಅರ್ಧ ಹೊಲಿದ ರವಿಕೆಗಳ ಸಮೇತ ಕರೆತಂದಳು. ಕೊಳಲಿನವರು ಬೇರೆ ಕಡೆ ಒಪ್ಪಿಕೊಂಡಿದ್ದರು. ಅಧ್ಯಕ್ಷರ ಭಾವಮೈದುನ ಮೌತ್ ಆರ್ಗನ್ ತಂದ.

"ಇದು ಕೊಳಲಲ್ವಲ್ಲ" ಎಂದ ವಾರದಯ್ಯ.

"ಇದನ್ನೂ ಬಾಯಲ್ಲೇ ಊದೋದಲ್ವಾ? ನೀವು ಕಣ್ಣು ಮುಚ್ಕೊಂಡು ಕೇಳಿ" ಎಂದರು ಅಧ್ಯಕ್ಷರು.

ಸಭೆ ಶುರುವಾಯಿತು. ಎಲ್ಲರೂ ಮೊಬೈಲ್ ಆಫ್ ಮಾಡಬೇಕೆಂದು ಅಧ್ಯಕ್ಷರು ಗದರಿದರು. ವಾರದಯ್ಯ ಮೊದಲ ಸಾಲಿನಲ್ಲಿ ಕೂತು, ಜೀವನದಲ್ಲಿ ಮೊದಲ ಬಾರಿಗೆ ತಾನು ಬರೆದದ್ದು ಕಣ್ಣೆದುರು ನಡೆಯುವುದನ್ನು ನೋಡಿದ. ಮಾಜಿ ಸಚಿವರು ಕಾದಂಬರಿಯ ಹೆಸರು ಹೇಳಿ, ಅಲ್ಲಿಂದ ನೇರ ತಮ್ಮ ರಾಜಕೀಯ ಬದುಕಿಗೆ ಇಳಿದರು. ಯಾರು ಯಾರು ಬೆನ್ನಿಗೆ ಚೂರಿ ಹಾಕಿದರು, ಯಾವ ಚೂರಿ ಎಷ್ಟು ಉದ್ದವಿತ್ತು ಎಂದು ಬಿಡಿಸಿ ಹೇಳುತ್ತಾ ಗಳಗಳನೆ ಅತ್ತರು. ನಡುವೆ ಯಾರೋ ಪಂಪಿನ ಮಾತೆತ್ತಿದಾಗ ಅದಕ್ಕೂ ಅತ್ತರು. ಕಾವಲುಗಾರ ದೀಪ ಆರಿಸತೊಡಗಿದ ಮೇಲೆಯೇ ಅವರು ಕೂತದ್ದು. ಬೃಹತ್ ಭಾಷಣ ಬರೆದು ತಂದಿದ್ದ ದಂತವೈದ್ಯರಿಗೆ "ಎಲ್ಲರಿಗೂ ವಂದನೆ" ಎನ್ನುವಷ್ಟು ಮಾತ್ರ ಬೆಳಕು ಉಳಿದಿತ್ತು. ಕತ್ತಲಲ್ಲಿ ಮೌತ್ ಆರ್ಗನ್ ಮೊಳಗಿತು. ಕಣ್ಣು ಮುಚ್ಚುವ ಅಗತ್ಯವೇ ಬೀಳಲಿಲ್ಲ.

ಮನೆಗೆ ಬಂದ ವಾರದಯ್ಯ ಫೋನ್ ಆನ್ ಮಾಡುವುದನ್ನೂ ಮರೆತು ಗೆದ್ದವನ ನಿದ್ದೆ ಮಾಡಿದ.

ಬೆಳಗ್ಗೆ ಅಧ್ಯಕ್ಷರು ಪತ್ರಿಕೆ ಹಿಡಿದು ಬಂದರು. ಮುಖ ಗಂಟಿಕ್ಕಿತ್ತು. "ನಮ್ಮನ್ನೆಲ್ಲ ಗಂಟೆಗಟ್ಟಲೆ ಕೂರಿಸಿ ಏನ್ರೀ ಇದು?"

ವಾರದಯ್ಯ ಓದಿದ. "ಪದವಿ ಹೋದ ಕೂಡಲೇ ಕಾರ್ಯಕ್ರಮವೂ ರದ್ದು. ಸಂಜೆ ನಾನು ಹೋದಾಗ ಸಭಾಂಗಣಕ್ಕೆ ಬೀಗ ಬಿದ್ದಿತ್ತು. ಮಾಜಿ ಸಚಿವರ ಭಾಷಣದಿಂದ ಸಂಸ್ಕೃತಿ ಪಾರಾಯಿತು." ಕೆಳಗೆ ಅವನದೇ ಹೆಸರು, ಅವನದೇ ಫೋಟೋ.

ಫೋನ್ ಆನ್ ಮಾಡುವುದಕ್ಕೂ ಉಪಸಂಪಾದಕಿಯ ಕರೆ ಬರುವುದಕ್ಕೂ ಸರಿಹೋಯಿತು. "ನಿನ್ನೆ ಸಂಜೆ ಎಷ್ಟು ಸಲ ಮಾಡಿದ್ರೂ ಆಫ್ ಬರ್ತಿತ್ತು ಸಾರ್. ನೀವು ಫೋನ್ ಇಟ್ಟ ತಕ್ಷಣ ನನಗೆ ಹೆದರಿಕೆ ಆಯ್ತು. ಹಾಲ್‌ಗೆ ಫೋನ್ ಮಾಡಿದ್ರೆ ಕಾವಲುಗಾರ ರದ್ದಾಗಿದೆ ಅಂದ. ಆಫೀಸಿಗೆ ಓಡಿ, ಪುಟ ವಾಪಸ್ ತರಿಸಿ, ನಿಮ್ಮ ಧಾಟಿಯಲ್ಲೇ ಬರೆದು ಹಾಕಿದೆ. ಬಚಾವಾದ್ವಿ ಅಲ್ವಾ ಸಾರ್?"

ವಾರದಯ್ಯ ಉತ್ತರ ಕೊಡುವ ಮೊದಲೇ ಸಂಪಾದಕರ ಕರೆ ಬಂತು.

"ಮಾಜಿ ಸಚಿವರು ನನ್ನ ಹತ್ರ ಅತ್ತರು. ಸಭೆಗೆ ಹೋಗದೇ ಬರೆಯೋ ಚಾಳಿ ಯಾವಾಗಿಂದ ನಿಮಗೆ?"

"ಸಾರ್, ನಿನ್ನೆ ನಾನು ಅಲ್ಲೇ ಇದ್ದೆ. ಮೊದಲನೇ ಸಾಲಲ್ಲಿ."

"ಅಲ್ಲೇ ಇದ್ಕೊಂಡು ಬೀಗ ಬಿದ್ದಿತ್ತು ಅಂತ ಬರೆದ್ರಾ?"

ಬರೆದದ್ದು ತಾನಲ್ಲ ಎನ್ನಲು ಬಾಯಿ ತೆರೆದ. ಹಾಗೆಂದರೆ ತಾನು ಬರೆದದ್ದು ಯಾವಾಗ ಎಂಬ ಪ್ರಶ್ನೆ ಬರುತ್ತದೆಂದು ಹೊಳೆದು ಬಾಯಿ ಮುಚ್ಚಿದ. ಅಂಕಣವನ್ನು ಮಾಜಿ ಸಚಿವರಿಗೇ ಕೊಟ್ಟಿರುವುದಾಗಿ, ಅವರಿಗೀಗ ಬೇಕಾದಷ್ಟು ಬಿಡುವಿರುವುದಾಗಿ ಹೇಳಿ ಸಂಪಾದಕರು ಫೋನ್ ಇಟ್ಟರು. ವಾರದಯ್ಯ ತಲೆ ಮೇಲೆ ಕೈ ಹೊತ್ತು ಕೂತ. ನಿಜಕ್ಕೂ ಅಳು ಬಂತು.

ಮಧ್ಯಾಹ್ನ ಮಾಜಿ ಸಚಿವರೇ ಫೋನ್ ಮಾಡಿದರು.

"ಬರೆದಿದ್ದು ತಪ್ಪೇ, ಆದ್ರೆ ಕೊನೇ ತನಕ ಕೂತು ಕೇಳಿದೋರು ನೀವು. ನನಗೆ ಮಾತಾಡಿ ಅಭ್ಯಾಸ, ಬರೆದು ಇಲ್ಲ. ಅಂಕಣ ನೀವೇ ಬರೆದುಕೊಡಿ, ಹೆಸರು ನಂದಿರಲಿ. ಸಭೆಗೆ ಮಾತ್ರ ತಪ್ಪದೆ ಹೋಗಬೇಕು. ಕೊನೇ ತನಕ ಕೂತಿರಬೇಕು. ನಾನು ನೋಡ್ತಿರ್ತೀನಿ."

"ಮುಂದಿನ ವಾರ ಯಾವ ಸಭೆ ಸಾರ್?" ಎಂದ ವಾರದಯ್ಯ ಕ್ಷೀಣ ದನಿಯಲ್ಲಿ.

"ನನ್ನ ಅಭಿನಂದನಾ ಸಭೆ. ನಿನ್ನೆ ದೀಪ ಆರಿಸಿಬಿಟ್ರಲ್ಲ, ಹೇಳೋದು ಇನ್ನೂ ಬಹಳ ಉಳಿದಿದೆ."