ಗಿರಿಜಾಂಬಿಕಾ ನಿಧಾನವಾಗಿ ಹೋದದ್ದು

ಗಿರಿಜಾಂಬಿಕಾ ತುರಿಯುವ ಮಣೆಯ ಮೇಲೆ ಕೂತು ಎರಡನೇ ಹೋಳು ಕಾಯಿಯನ್ನು ಕೈಗೆತ್ತಿಕೊಂಡಿದ್ದಳು. ಅಷ್ಟರಲ್ಲಿ ಬೀದಿಯ ತುದಿಯಿಂದ ಮೈಕು ಕಟ್ಟಿಕೊಂಡ ಆಟೋ ಬಂತು. ಮೊದಲು ಬರೀ ಗೊರಗೊರ ಕೇಳಿತು. ಮನೆ ಮುಂದೆ ಬಂದಾಗ ಮಾತು ಬಿಡಿಸಿಕೊಂಡಿತು.

“ರಾಜ್ಯೋತ್ಸವದ ಅಂಗವಾಗಿ ನಮ್ಮ ಬಡಾವಣೆಯ ಯುವಕ ಸಂಘದಿಂದ ಇಂದು ಹನ್ನೊಂದು ಗಂಟೆಗೆ ಹೈಸ್ಕೂಲ್ ಮೈದಾನದಲ್ಲಿ ಮಹಿಳೆಯರಿಗೆ ಮ್ಯೂಸಿಕಲ್ ಚೇರು, ನಿಂಬೆಹಣ್ಣು ಚಮಚ, ನಿಧಾನ ಸೈಕಲ್ ಓಟ...”

ಆಟೋ ತಿರುವು ದಾಟಿತು. ಪಟ್ಟಿಯ ಮಿಕ್ಕ ಭಾಗ ಪಕ್ಕದ ಬೀದಿಯವರ ಪಾಲಾಯಿತು. ಗಿರಿಜಾಂಬಿಕಾಳಿಗೆ ಮಿಕ್ಕದ್ದು ಬೇಕಾಗಿಯೂ ಇರಲಿಲ್ಲ. ಅವಳ ಕೈಯಲ್ಲಿದ್ದ ಕಾಯಿಹೋಳು ಅಲ್ಲೇ ನಿಂತುಬಿಟ್ಟಿತ್ತು.

ನಿಧಾನ ಸೈಕಲ್ ಓಟ ಎಂದರೆ ಎಲ್ಲರಿಗಿಂತ ಕೊನೆಯಲ್ಲಿ ಬಂದವರು ಗೆದ್ದಂತೆ. ಕಾಲು ಮಾತ್ರ ನೆಲಕ್ಕೆ ತಾಗಬಾರದು. ತುಮಕೂರಿನಲ್ಲಿ ಓದುವಾಗ ಕಾಲೇಜಿನಲ್ಲಿ ಅವಳನ್ನು ಇದರಲ್ಲಿ ಸೋಲಿಸಿದವರಿರಲಿಲ್ಲ. ಅವಳು ಪೆಡಲಿನ ಮೇಲೆ ಕಾಲಿಟ್ಟು ನಿಂತರೆ ಸೈಕಲ್ಲು ಗೋಡೆಗೆ ಒರಗಿಸಿಟ್ಟ ಹಾಗೆ ನಿಲ್ಲುತ್ತಿತ್ತು. ಆಮೇಲೆ ಮದುವೆಯಾಗಿ ತಿಪಟೂರಿಗೆ ಬಂದಳು. ಅಂದಿನಿಂದ ಅವಳು ಬುಗುರಿ. ಬೇಗ ಕಾಫಿ, ಬೇಗ ತಿಂಡಿ, ಬೇಗ ನೀರು ಹಿಡಿ, ಬೇಗ ಬಾಗಿಲು ತೆಗಿ. ಅವಳು ನಿಧಾನವಾಗಿ ಮಾಡಿದ ಕೆಲಸ ಯಾವುದಾದರೂ ಇದೆಯೇ ಎಂದು ಯೋಚಿಸಲಿಕ್ಕೂ ಅವಳಿಗೆ ಪುರುಸೊತ್ತಿರಲಿಲ್ಲ.

“ರೀ, ನಾನು ಸೈಕಲ್ ಓಟಕ್ಕೆ ಸೇರ್ತೀನಿ” ಎಂದಳು ಗಂಡನ ಹತ್ತಿರ ಹೋಗಿ.

ಗಂಡ ದಯಾನಂದ್ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಪೇಪರಿನ ಹಿಂದಿನಿಂದ ಮಾತಾಡಿದ. “ಸೇರು, ಯಾರು ಬೇಡ ಅಂದ್ರು? ನಂಗೆ ಮಂಡೀಲಿ ಬಾವುಟ ಹಾರ್ಸೋದಿದೆ. ಬಿಳೀ ಶರ್ಟು ಬೇಗ ಒಂಚೂರು ಇಸ್ತ್ರಿ ಮಾಡ್ಬುಡು.”

ಮಾವ ಬಸವರಾಜಪ್ಪನವರಂತೂ ಖುಷಿಪಟ್ಟರು. “ಹೋಗವ್ವಾ, ಆಡು. ಹೋಗೋಕ್ ಮುಂಚೆ ಒಂದು ಬಿಸಿಮುದ್ದೆ ತಿರುವಿಬುಡು, ನಾನು ನೊಣವಿನಕೆರೆ ಬಸ್ಸು ಹಿಡೀಬೇಕು. ಹಂಗೇ ಅಟ್ಟದ ಮೇಲೆ ಇಲಿ ಸದ್ದಾಯ್ತು, ಕೊಬ್ಬರಿಗೆ ಹಾಕಿರೋ ಕಾಯಿ ಒಂದ್ಸಲ ನೋಡ್ಬುಡು.”

ಅವತ್ತು ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಎಲ್ಲರೂ ಹೂಂ ಅಂದರು. ಹೂಂ ಅಂದವರೆಲ್ಲ ಒಂದೊಂದು ಕೆಲಸ ಹೇಳಿದರು.

ಗಿರಿಜಾಂಬಿಕಾ ಒಂದು ಒಲೆಯ ಮೇಲೆ ಎಸರಿಟ್ಟಳು, ಇನ್ನೊಂದರಲ್ಲಿ ಸಾರು ಕುದಿಸಿದಳು, ಶರ್ಟಿಗೆ ಇಸ್ತ್ರಿ ಎಳೆದಳು, ಏಣಿ ಹಾಕಿ ಅಟ್ಟ ಹತ್ತಿದಳು. ಕಾಯಿಗಳ ಮೇಲೆ ಅವಳು ಹರಿದಾಡಿದ ರಭಸಕ್ಕೆ, ಇದ್ದ ಇಲಿ ತನಗಿಂತ ದೊಡ್ಡ ಇಲಿ ಬಂತೆಂದು ಮನೆ ಬಿಟ್ಟಿತು. ಇಳಿದು ಬರುವಷ್ಟರಲ್ಲಿ ಎಸರು ಮರಳುತ್ತಿತ್ತು. ನಿಧಾನವಾಗಿ ಹೋಗುವುದಕ್ಕೋಸ್ಕರ ಒಬ್ಬ ಹೆಂಗಸು ಇಷ್ಟು ಜೋರಾಗಿ ಓಡಿದ್ದನ್ನು ಆ ಮನೆ ಕಂಡಿರಲಿಲ್ಲ.

ಮುದ್ದೆ ತಿರುವುತ್ತಿರುವಾಗ ಮಗಳು ಇಂಪನಾ ಬಂದು ಪಕ್ಕದಲ್ಲಿ ನಿಂತಳು. ಎರಡನೇ ಕ್ಲಾಸಿನ ಹುಡುಗಿ. ಹೊರಗಿನವರ ಮುಂದೆ ಬಾಯಿ ಬಿಡುವವಳಲ್ಲ. ಮನಸ್ಸಿನಲ್ಲಿ ಏನಾದರೂ ಬಂದರೆ ಅದನ್ನು ಪೆಪ್ಪರಮಿಂಟಿನ ಹಾಗೆ ದವಡೆಯಲ್ಲಿಟ್ಟುಕೊಂಡು ಅಮ್ಮನ ಹತ್ತಿರವೇ ತರುತ್ತಿದ್ದಳು. ಹಾಲು ಉಕ್ಕುತ್ತಿದ್ದರೂ ಗಿರಿಜಾಂಬಿಕಾ “ಏನು ಪುಟ್ಟಾ, ಕೇಳು” ಎಂದು ಬಗ್ಗುತ್ತಿದ್ದಳು.

“ಏನು ಪುಟ್ಟಾ, ಕೇಳು.”

“ಅಮ್ಮಾ, ನೀನು ಬಿದ್ರೆ?”

“ಬೀಳಲ್ಲ ಕಣೇ. ನೋಡ್ತಿರು, ಇವತ್ತು ನಿಮ್ಮಮ್ಮ ಹೆಂಗೆ ಹೋಗ್ತಾಳೆ ಅಂತ.”

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಗೌರಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಒಳಗೆ ಬಂದರು. ಸುದ್ದಿ ಅವರಿಗೆ ಆಗಲೇ ತಲುಪಿತ್ತು.

“ಈ ವಯಸ್ನಲ್ಲಿ ಸೈಕಲ್ಲೇನೇ ಗಿರಿಜಾ?”

“ಮೂವತ್ತೈದು ಅಷ್ಟೇ ಅಕ್ಕಾ.”

“ಅದು ನಿನ್ನ ಮಂಡೀಗೂ ಗೊತ್ತಾಗಬೇಕಲ್ಲ. ಇಲ್ಲಿ ಬಾ.” ಪುಟ್ಟಗೌರಮ್ಮ ಬಟ್ಟಲು ತುಂಬ ಕೊಬ್ಬರಿ ಎಣ್ಣೆ ತೆಗೆದುಕೊಂಡು ಎರಡೂ ಮಂಡಿಗೆ ತಿಕ್ಕಿದರು. ಉಳಿದದ್ದನ್ನು ವ್ಯರ್ಥ ಮಾಡಬಾರದೆಂದು ಅಂಗೈಗೂ ತಿಕ್ಕಿದರು. “ಮಗೀನ ನಾನು ಕರ್ಕೊಂಡು ಹೋಗಿ ನೆರಳಲ್ಲಿ ಜಾಗ ಹಿಡಿದಿರ್ತೀನಿ. ನಿನ್ನ ಹೆಸರೂ ನಾನೇ ಬರೆಸ್ತೀನಿ. ನೀನು ಸೈಕಲ್ ತಗೊಂಡು ಬಾ.”

ಗಿರಿಜಾಂಬಿಕಾ ತೆಂಗಿನ ಚಿಪ್ಪು ಮಾರಿ ಉಳಿಸಿದ್ದ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಬುಡನ್ ಸಾಬರ ಬಾಡಿಗೆ ಸೈಕಲ್ ಶಾಪಿಗೆ ಓಡಿದಳು. ಆ ದುಡ್ಡಲ್ಲಿ ಹೊಸ ಕುಕ್ಕರ್ ರಬ್ಬರು ಬರಬೇಕಿತ್ತು. ರಬ್ಬರು ಇನ್ನೊಂದು ತಿಂಗಳು ಕಾಯಲಿ, ಎಲ್ಲದಕ್ಕೂ ತಾನೇ ಯಾಕೆ ಕಾಯಬೇಕು ಅಂದುಕೊಂಡಳು.

“ಲೇಡೀಸ್ ಸೈಕಲ್ ಎಲ್ಲಾ ಬೆಳಿಗ್ಗೇನೇ ಹೋದ್ವಮ್ಮಾ” ಎಂದರು ಸಾಬರು. “ಇದೊಂದೈತೆ. ಬ್ರೇಕ್ ಮಾತ್ರ ಹಿಡಿಯಲ್ಲ.”

“ಬ್ರೇಕ್ ಇಲ್ದೆ ಹೆಂಗೆ ಸಾಬ್ರೇ?”

“ಯಾವ ರೇಸು?”

“ನಿಧಾನದ್ದು.”

“ಮತ್ತೆ? ಜೋರಾಗಿ ಹೋಗೋರಿಗಲ್ವೇನಮ್ಮಾ ಬ್ರೇಕ್ ಬೇಕಾಗೋದು?”

ಮಾತು ಸರಿ ಅನ್ನಿಸಿತು. ಮೈದಾನದ ಮಟ್ಟಿಗೆ ಅದು ನಿಜಕ್ಕೂ ಸರಿಯಾಗಿತ್ತು. ಆದರೆ ಸಾಬರ ಅಂಗಡಿಗೂ ಮೈದಾನಕ್ಕೂ ನಡುವೆ ಒಂದು ಇಳಿಜಾರಿತ್ತು.

ಹತ್ತು ಮಾರು ಹೋಗುವಷ್ಟರಲ್ಲಿ ಸೈಕಲ್ಲು ಹಗ್ಗ ಬಿಚ್ಚಿದ ಕರುವಿನಂತೆ ಓಡತೊಡಗಿತು. ಎಣ್ಣೆಗೈಗೆ ಹ್ಯಾಂಡಲ್ಲು ಸಿಕ್ಕಲಿಲ್ಲ. ಬೆಲ್ಲು ಹೊಡೆದರೆ ಬೆಲ್ಲಿನ ಮುಚ್ಚಳ ಹಾರಿ ಚರಂಡಿಗೆ ಬಿತ್ತು. ಇಳಿಜಾರಿನ ಬುಡದಲ್ಲಿ ಕಾಯಿ ಸುಲಿಯುವವರು ಗುಡ್ಡೆ ಹಾಕಿದ್ದ ಮಟ್ಟೆಯ ರಾಶಿಯೇ ಅವಳ ಬ್ರೇಕಾಯಿತು. ಕಣ್ಣು ಬಿಟ್ಟಾಗ ಅವಳು ರಾಶಿಯ ತುದಿಯಲ್ಲಿ ದಸರಾ ಗೊಂಬೆಯ ಹಾಗೆ ನೆಟ್ಟಗೆ ಕೂತಿದ್ದಳು. ಸೀರೆಯ ಅಂಚು ಚೈನಿನೊಳಗೆ ಸೇರಿತ್ತು.

ಸುಲಿಯುವವರೆಲ್ಲ ಕೆಲಸ ಬಿಟ್ಟು ಸುತ್ತ ನೆರೆದರು. ಒಬ್ಬ ಪೆಡಲನ್ನು ಮುಂದಕ್ಕೆ ತಿರುಗಿಸು ಅಂದ. ಇನ್ನೊಬ್ಬ ಹಿಂದಕ್ಕೆ ಅಂದ. ಮೂರನೆಯವನು ಸೀರೆ ಕುಯ್ದುಬುಡಾನ ಎಂದು ಮಚ್ಚು ತಂದ. ಕೊನೆಗೆ ವಯಸ್ಸಾದ ರಂಗಪ್ಪ ಎಲ್ಲರನ್ನೂ ಗದರಿಸಿ, ಚೈನು ಕಳಚಿ, ಸೀರೆ ಬಿಡಿಸಿ, ಮತ್ತೆ ಚೈನು ಕೂರಿಸಿಕೊಟ್ಟ. ಸೀರೆಗೆ ಅಂಗಡಿಯಲ್ಲಿ ಇಲ್ಲದಿದ್ದ ಕಪ್ಪು ಬಾರ್ಡರು ಬಂದಿತ್ತು.

“ನಿಧಾನಕ್ಕೆ ಹೋಗವ್ವಾ” ಎಂದ ರಂಗಪ್ಪ.

“ಅದಕ್ಕೇ ಕಣಣ್ಣಾ ಹೋಗ್ತಿರೋದು” ಎನ್ನುತ್ತ ಗಿರಿಜಾಂಬಿಕಾ ಸೈಕಲ್ಲನ್ನು ತಳ್ಳಿಕೊಂಡು ಓಡಿದಳು.

ಮೈದಾನ ತಲುಪಿದಾಗ ಹೊತ್ತು ಮೀರಿತ್ತು. ಯುವಕ ಸಂಘದ ಕಾರ್ಯದರ್ಶಿ ತೋಂಟದಾರ್ಯ ಹಳದಿ ಕೆಂಪು ಶಲ್ಯ ಹೊದ್ದು ಮೈಕಿನಲ್ಲಿ ಕೂಗುತ್ತಿದ್ದ. “ಸೈಕಲ್ ಓಟದವರು ಗೆರೆ ಹತ್ರ ಬನ್ನಿ. ಗಿರಿಜಾಂಬಿಕಾ ಅನ್ನೋರು ಬಂದ್ರಾ? ಕೊನೇ ಸಲ ಕೂಗ್ತಿದೀನಿ.”

ಅವಳು ಒಂದು ಕೈ ಎತ್ತಿ ಬೀಸಿದಳು. ಪುಟ್ಟಗೌರಮ್ಮ ಗುಂಪು ಸೀಳಿಕೊಂಡು ಬಂದು ರಟ್ಟೆ ಹಿಡಿದರು. “ಎಲ್ಲಿ ಹಾಳಾಗಿ ಹೋಗಿದ್ಯೇ? ಹೆಸರು ಬರೆಸಿದೀನಿ, ಮಾತಾಡ್ಬೇಡ, ಓಡು.”

ಗೆರೆಯ ಮೇಲೆ ಆಗಲೇ ಐದಾರು ಹೆಂಗಸರು ಸೆರಗು ಬಿಗಿದು ನಿಂತಿದ್ದರು. ಗಿರಿಜಾಂಬಿಕಾ ತುದಿಯಲ್ಲಿ ಸೇರಿಕೊಂಡಳು. ಅಂಗೈ ಎಣ್ಣೆಯನ್ನು ಮಣ್ಣಿಗೆ ಒರೆಸಿದಳು. ಆಚೆಯ ಗೆರೆ ಬಹಳ ದೂರ ಕಂಡಿತು. ಕಾಲೇಜಿನಲ್ಲಿ ಇದರ ಕಾಲುಭಾಗವೂ ಇರುತ್ತಿರಲಿಲ್ಲ. ಇರಲಿ, ದೂರವಿದ್ದಷ್ಟೂ ಒಳ್ಳೆಯದೇ, ತಿಪಟೂರಿನವರು ಒಂದು ಸಲ ಸರಿಯಾಗಿ ನೋಡಲಿ.

ತೋಂಟದಾರ್ಯ ಸೀಟಿ ಊದಿದ.

ಮಿಕ್ಕವರ ಸೈಕಲ್ಲುಗಳು ಧಡಾರನೆ ಮುಂದಕ್ಕೆ ನುಗ್ಗಿದವು. ಪಾಪ, ಒಬ್ಬರಿಗೂ ಅಭ್ಯಾಸವಿಲ್ಲ ಎಂದು ಗಿರಿಜಾಂಬಿಕಾ ಮರುಗಿದಳು. ಶುರುವಿನಲ್ಲಿ ಕೈ ನಡುಗಿದರೆ ಹಾಗೇ ಆಗುವುದು. ಅವಳು ಉಸಿರು ಹಿಡಿದು ಪೆಡಲನ್ನು ಒಂದು ಎಳ್ಳಿನಷ್ಟು ಒತ್ತಿದಳು. ಮುಂದಿನ ಗಾಲಿಯನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಸೈಕಲ್ಲು ನಿಂತಿತು. ಮತ್ತೆ ಒಂದು ಎಳ್ಳು. ಮತ್ತೆ ನಿಂತಿತು.

ಮೈಗೆ ಎಲ್ಲವೂ ನೆನಪಿತ್ತು. ಸೊಂಟಕ್ಕೆ ನೆನಪಿತ್ತು, ಹಿಮ್ಮಡಿಗೆ ನೆನಪಿತ್ತು, ಪುಟ್ಟಗೌರಮ್ಮ ಅನುಮಾನಪಟ್ಟಿದ್ದ ಮಂಡಿಗೂ ನೆನಪಿತ್ತು. ಎಷ್ಟೋ ವರ್ಷಗಳ ಮೇಲೆ ಈ ಹೊತ್ತು ಅವಳಿಗೆ ಬೇಗ ಎನ್ನುವ ಹಕ್ಕು ಯಾರಿಗೂ ಇರಲಿಲ್ಲ. ಒಲೆಯ ಮೇಲೆ ಏನೂ ಇರಲಿಲ್ಲ. ತಾನು, ಎರಡು ಗಾಲಿ, ನವೆಂಬರಿನ ಬಿಸಿಲು. ಅವಳಿಗೆ ನಗು ಬಂತು. ಬ್ಯಾಲೆನ್ಸ್ ತಪ್ಪೀತೆಂದು ಅದನ್ನೂ ಸ್ವಲ್ಪಸ್ವಲ್ಪವಾಗಿಯೇ ನಕ್ಕಳು.

ಜನ ಎದ್ದು ನಿಂತರು. “ತುಳೀರಿ ಅಕ್ಕಾ, ತುಳೀರಿ” ಎಂದು ಹುಡುಗರು ಬೊಬ್ಬೆ ಹೊಡೆದರು. ಕಾಲೇಜಿನಲ್ಲೂ ಎದುರು ಪಾರ್ಟಿಯವರು ಹೀಗೇ ಕೂಗಿ ಕೆಡಿಸಲು ನೋಡುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಟ್ಟಗೌರಮ್ಮ ಸೆರಗು ಬೀಸಿ “ಹೋಗೇ, ಹೋಗೇ” ಎಂದು ಕುಣಿಯುತ್ತಿದ್ದರು. ಎಷ್ಟು ಪ್ರೀತಿ, ಇಷ್ಟು ದಿನ ತನಗೇ ಗೊತ್ತಿರಲಿಲ್ಲವಲ್ಲ. ಕೊಬ್ಬರಿ ಮಂಡಿಯಿಂದ ಆಗ ತಾನೇ ಬಂದಿದ್ದ ದಯಾನಂದ್ ಎರಡೂ ಕೈಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದ. ಹೆಂಡತಿಯ ಕೈಚಳಕ ಕಂಡು ಬೆರಗಾಗಿದ್ದಾರೆ, ಆಗಲಿ.

ಅರ್ಧ ದಾರಿಯಲ್ಲಿ ಇಂಪನಾ ಓಡಿಬಂದು ಸೈಕಲ್ಲಿನ ಪಕ್ಕದಲ್ಲೇ ನಡೆಯತೊಡಗಿದಳು. ನಡೆಯುತ್ತಾ ಮುಂದೆ ಹೋಗಿಬಿಟ್ಟು, ನಿಂತು, ಅಮ್ಮ ಬರುವ ತನಕ ಕಾಯ್ದು, ಮತ್ತೆ ನಡೆದಳು.

“ಅಮ್ಮಾ...”

“ಶ್, ಈಗ ಮಾತಾಡಿಸ್ಬೇಡ ಪುಟ್ಟಾ.”

“ಅಲ್ಲಮ್ಮಾ...”

“ಗೆರೆ ದಾಟಿದ ಮೇಲೆ ಕೇಳು ನನ್ ಬಂಗಾರ. ಇಲ್ದಿದ್ರೆ ಕಾಲು ಊರಿಬಿಡ್ತೀನಿ.”

ಹುಟ್ಟಿದಾಗಿನಿಂದ ಮೊದಲ ಸಲ ಅಮ್ಮ ಆಮೇಲೆ ಕೇಳು ಅಂದದ್ದು. ಇಂಪನಾ ತುಟಿ ಬಿಗಿದುಕೊಂಡು ಜೊತೆಗೇ ಬಂದಳು.

ಗೆರೆಯ ಹತ್ತಿರ ತೋಂಟದಾರ್ಯ ಸೀಟಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಗಿರಿಜಾಂಬಿಕಾ ಕೊನೆಯ ಮಾರನ್ನು ಹಾಲಿನ ಪಾತ್ರೆ ಹೊತ್ತು ನಡೆಯುವವಳಂತೆ ದಾಟಿದಳು. ಒಂದು ಸಲವೂ ಕಾಲು ನೆಲಕ್ಕೆ ತಾಗಿರಲಿಲ್ಲ. ಮೈದಾನವೆಲ್ಲ ಚಪ್ಪಾಳೆ ತಟ್ಟಿತು, ಶಿಳ್ಳೆ ಹಾಕಿತು. ಅವಳು ಕಾಲೂರಿ, ಬೆವರು ಒರೆಸಿಕೊಂಡು, ಸುತ್ತಲಿನ ಜನಕ್ಕೆಲ್ಲ ಕೈಮುಗಿದಳು. ಆಮೇಲೆ ಮಗಳ ಮುಂದೆ ಬಗ್ಗಿ ಅವಳ ಗಲ್ಲ ಹಿಡಿದಳು.

“ಈಗ ಕೇಳು ಪುಟ್ಟಾ. ಏನು?”

ಇಂಪನಾ ಅಮ್ಮನ ಮುಖವನ್ನೂ, ಆಚೆ ಬಹುಮಾನದ ಸ್ಟೀಲ್ ಡಬ್ಬಿಗಳನ್ನು ಹಿಡಿದುಕೊಂಡು ಆಗಲೇ ಟೀ ಕುಡಿಯುತ್ತಿದ್ದ ಹೆಂಗಸರನ್ನೂ ನೋಡಿದಳು.

“ನಿಧಾನದ ರೇಸು ನೀನು ಬರೋಕ್ ಮುಂಚೇನೇ ಮುಗ್ದೋಯ್ತು, ಅದಕ್ಕೇ ಪುಟ್ಟಗೌರಮ್ಮಜ್ಜಿ ನಿನ್ನ ಹೆಸರು ಜೋರಾಗಿ ಹೋಗೋ ರೇಸಿಗೆ ಬರೆಸಿದ್ರು. ಮನೇಲಿ ಅಷ್ಟು ಜೋರಾಗಿ ಓಡ್ತೀಯಲ್ಲ, ಇಲ್ಯಾಕಮ್ಮಾ ಇಷ್ಟು ನಿಧಾನ ಬಂದೆ?”