ಕರಡಿಮರಿಯ ಪೋಸ್ಟರಿಗೆ ನಾನು ನಿಂತದ್ದು

ಚಿಂತೆ ಮಾಡಲು ಕಾರಣ ಬೇಕು ಎನ್ನುವವರನ್ನು ಕಂಡರೆ ನನಗೆ ಕನಿಕರ. ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಚೇರಿಗೆ ಬಸ್ಸು ಹತ್ತಿದ ಮೇಲೆ, ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನಾನು ಒದ್ದಾಡುತ್ತೇನೆ. ಅಂದು ಒಲೆಯ ಹತ್ತಿರಕ್ಕೇ ಹೋಗಿರುವುದಿಲ್ಲ. ಇಂಥವನಿಗೆ ಕಳೆದ ತಿಂಗಳು ನಿಜವಾದ ಕಾರಣವೇ ಸಿಕ್ಕಿಬಿಟ್ಟಿತು.

ನನ್ನ ಹೆಂಡತಿ ಸುಧಾ ಚಿತ್ರ ಬರೆಯುತ್ತಾಳೆ. ಮುಂಬಯಿಯ ಕಂಪನಿಯೊಂದು ಕರಡಿಮರಿಯ ಕಾರ್ಟೂನ್ ಧಾರಾವಾಹಿ ಮಾಡುತ್ತಿದ್ದು, ಅದರ ಪ್ರಚಾರದ ಪೋಸ್ಟರ್ ಕೆಲಸ ಇವಳಿಗೆ ಬಂದಿತ್ತು. ಮೊದಲನೆಯದು ಒಪ್ಪಿಗೆಯಾದರೆ ಉಳಿದವೆಲ್ಲ ಇವಳದ್ದೇ; ಇಲ್ಲದಿದ್ದರೆ ಬೇರೆಯವರಿಗೆ. ಕಳಿಸಿದ್ದು ಆಗಲೇ ವಾಪಸು ಬಂದಿತ್ತು. ಮರಿ ಕಾಡಿಗೆ ಮೊದಲ ಹೆಜ್ಜೆ ಇಡುತ್ತಿದೆ, ಆದರೆ ಹೆದರಿದಂತೆ ಕಾಣುತ್ತಿಲ್ಲವಂತೆ. ಇನ್ನೊಂದೇ ಅವಕಾಶ. ಅವಳು ನಿರಾಳವಾಗಿ ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಊಟ ಸೇರದೆ ಹೋದದ್ದು ನನಗೆ.

ಕರಡಿ ಬರೆದು ಕಪ್ಪು ಬಳಿದರೆ ಪೋಸ್ಟರ್ ಆಯಿತು ಎಂದು ನಾನು ತಿಳಿದಿದ್ದೆ. ಅವಳು ಮೊದಲು ಬೆಂಕಿಪೊಟ್ಟಣದಷ್ಟು ಪುಟ್ಟ ಪುಟ್ಟ ಚಿತ್ರಗಳನ್ನು ಹಾಳೆ ತುಂಬ ಗೀಚುತ್ತಾಳೆ. ಅದರಲ್ಲೊಂದನ್ನು ದೊಡ್ಡದು ಮಾಡಿ, ಕಣ್ಣು ಮೂಗು ಏನೂ ಇಲ್ಲದ ಬರೀ ಕಪ್ಪು ಆಕಾರವಾಗಿ ತುಂಬುತ್ತಾಳೆ. "ಆಕಾರವೇ ಕಥೆ ಹೇಳ್ಬೇಕು ಕಣ್ರೀ, ಬಣ್ಣ ಆಮೇಲೆ" ಎನ್ನುತ್ತಾಳೆ. ಪರೀಕ್ಷೆ ಮಾಡುವವಳು ಹಂಗಳದಲ್ಲಿ ಹುಟ್ಟಿ ಬೆಳೆದ ನಮ್ಮಮ್ಮ, ಅದೂ ಕನ್ನಡಕ ತೆಗೆದಿಟ್ಟು. ಮಂಜುಗಣ್ಣಿಗೆ ಕಂಡದ್ದು ದಾರಿಹೋಕರಿಗೂ ಕಂಡೀತು ಎಂಬುದು ಸೊಸೆಯ ಲೆಕ್ಕ.

"ಕರಡಿ ಕಣವ್ವ" ಎಂದಳು ಅಮ್ಮ. "ಮದ್ವೆ ಊಟಕ್ಕೆ ಓಯ್ತಾ ಅದೆ."

"ಹೆದ್ರಿಲ್ವಾ ಅತ್ತೆ?"

"ಊಟಕ್ಕೆ ಯಾರವ್ವ ಎದ್ರುತ್ತಾರೆ?"

ಸುಧಾ ನಕ್ಕು, ಇಡೀ ದಿನ ಕೂತು ಬರೆದದ್ದನ್ನು ಪಕ್ಕಕ್ಕೆ ಸರಿಸಿದಳು. ಹರಿದ ಛತ್ರಿಯನ್ನೂ ಎಸೆಯಲಾರದ ನಾನು ಬೆರಗಾಗಿ ನೋಡಿದೆ. ಅಷ್ಟರಲ್ಲಿ, "ರೀ, ಕಂಬಳಿ ಹೊದ್ದು ತಾರಸಿಗೆ ಬನ್ನಿ. ಕಾಡಿನೊಳಕ್ಕೆ ಹೋಗೋ ಹಾಗೆ ನಿಂತ್ಕೊಳ್ಳಿ" ಎಂದಳು.

ನಿಂತೆ. ಈ ಸಲವೂ ಬೇಡವೆಂದರೆ ಇವಳ ಮುಖ ಹೇಗಾದೀತು ಎಂಬ ಯೋಚನೆ ಹತ್ತಿತು. ಹೆಗಲು ತಾನಾಗಿ ಕಿವಿಯವರೆಗೆ ಏರಿತು.

"ಹಾಗೇ ಇರಿ! ಮುಂದಿನ ಕಾಲು ಹೋಗ್ತೀನಿ ಅಂತದೆ, ಹಿಂದಿನ ಕಾಲು ಬೇಡ ಅಂತದೆ. ಇದೇ ಬೇಕಾಗಿತ್ತು!"

ಪಕ್ಕದ ತಾರಸಿಯಿಂದ ಮಾದಪ್ಪಣ್ಣ ಇಣುಕಿದರು. "ಏನ್ಲಾ ಮಗ, ಇಂಥಾ ಬಿಸ್ಲಲ್ಲಿ ಕಂಬ್ಳಿ? ಚಳಿಜ್ವರ್ವಾ?"

"ಇಲ್ಲ ಕಣಣ್ಣ, ಕರಡಿ."

ಅವರು ಸರಸರನೆ ಕೆಳಗಿಳಿದರು.

ಹೊಸ ಆಕಾರವನ್ನು ಅಮ್ಮ ಬಹಳ ಹೊತ್ತು ನೋಡಿದಳು. "ಪಾಪ, ಮರಿಗೆ ಜೀವ ಪುಕಪುಕ ಅಂತದೆ. ಆದ್ರೂವೆ ಓಗೇ ಓಯ್ತೀನಿ ಅಂತದೆ ಕಣವ್ವ."

ಆಮೇಲೆ ಬಣ್ಣ. ಕಾಡನ್ನೆಲ್ಲ ಮಬ್ಬುನೀಲಿಯಲ್ಲಿ ಮುಳುಗಿಸಿ, ಮುಂದಿಟ್ಟ ಆ ಒಂದು ಪಾದದ ಮೇಲೆ ಮಾತ್ರ ಚೂರು ಬಿಸಿಲು ಉಳಿಸಿದಳು. ನೋಡುತ್ತ ನಿಂತವನಿಗೆ, ಈ ಮರಿಯ ಜೊತೆ ನಾನೂ ಹೋಗಿಬರಲೇ ಎನ್ನಿಸಿತು. ನನಗೆ ಹಾಗೆಲ್ಲ ಎನ್ನಿಸುವುದು ಅಪರೂಪ.

ಕಂಪನಿಯವರು ಒಪ್ಪಿದರು. ಉಳಿದ ಪೋಸ್ಟರುಗಳೂ ಅವಳಿಗೇ. 'ಭಯ ಎಷ್ಟು ನಿಜವಾಗಿದೆ!' ಎಂದು ಹೊಗಳಿ, ಮುಂದಿನದರಲ್ಲಿ ಮರಿ ಧೈರ್ಯವಾಗಿ ಬಂಡೆಯ ಮೇಲೆ ನಿಂತಿರಬೇಕು ಎಂದರು. ನಾನೇ ಕಂಬಳಿ ಹೊದ್ದು, ಎದೆಯುಬ್ಬಿಸಿ ತಯಾರಾದೆ. ಸುಧಾ ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಬೇಡ ಬಿಡಿ. ಅತ್ತೆ, ಒಂಚೂರು ತಾರಸಿಗೆ ಬರ್ತೀರಾ?" ಎಂದಳು.

"ಕೊಡ್ಲಾ ಇಲ್ಲಿ" ಎಂದು ಅಮ್ಮ ಕಂಬಳಿ ಕಿತ್ತುಕೊಂಡು ದಡದಡ ಮೆಟ್ಟಿಲೇರಿದಳು.

"ನಿಧಾನಮ್ಮಾ, ಜಾರೀತು!" ಎಂದು ನಾನು ಕಿರುಚಿದೆ.

ಸುಧಾ ತಟ್ಟನೆ ತಿರುಗಿದಳು. "ರೀ, ಹಾಗೇ ಇರಿ, ಅಲ್ಲಾಡ್ಬೇಡಿ. ಬಂಡೆ ಹಿಂದೆ ಒಂದು ಮೊಲ ಬೇಕಾಗಿತ್ತು."